‘ಬ್ರಿಂಗ್ ಟುಗೆದರ್’: ಸೇರಿಸಿದ್ದು ಯಾರು, ಸೇರಿದ್ದು ಯಾರು?

ನಮ್ಮ ಕಾಲೇಜಿನ ಯಾವ ವರದಿ ತೆಗೆದು ನೋಡಿದರೂ ಅದರಲ್ಲಿ ಒಂದು ಮಾತು ಇದ್ದೇ ಇರುತ್ತದೆ: ‘ಬ್ರಿಂಗ್ ಟುಗೆದರ್’. ಟೆಕ್ ಫೆಸ್ಟ್ ಹತ್ತಾರು ಕಾಲೇಜುಗಳನ್ನು ‘ಬ್ರಿಂಗ್ ಟುಗೆದರ್’ ಮಾಡಿತಂತೆ. ರಕ್ತದಾನ ಶಿಬಿರ ಊರವರನ್ನೂ ವಿದ್ಯಾರ್ಥಿಗಳನ್ನೂ ‘ಬ್ರಿಂಗ್ ಟುಗೆದರ್’ ಮಾಡಿತಂತೆ. ಸ್ಪಾನ್ಸರ್‌ಗಳಿಗೆ ಬರೆಯುವ ಪತ್ರದಲ್ಲಂತೂ ಮೊದಲ ಸಾಲಿನಲ್ಲೇ ಇದು ಬಂದು ಕೂತಿರುತ್ತದೆ. ಸೀನಿಯರ್‌ಗಳ ರೆಸ್ಯೂಮೆಯಲ್ಲೂ ಇದೆ: ‘ಬ್ರಾಟ್ ಟುಗೆದರ್ ಎ ಟೀಮ್ ಆಫ್ ಸಿಕ್ಸ್’. ಇಷ್ಟೆಲ್ಲ ಬಳಸುವ ಮಾತನ್ನು ಕನ್ನಡದಲ್ಲಿ ಹೇಳಿ ಎಂದರೆ ಮಾತ್ರ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಕೊನೆಗೆ ಯಾರಾದರೊಬ್ಬರು ‘ಒಟ್ಟಿಗೆ ತರುವುದು’ ಅನ್ನುತ್ತಾರೆ. ಅದು ಸರಿಯಾ? ಈ ಸಲದ ಪಾಠ ಅಲ್ಲಿಂದಲೇ ಶುರು ಮಾಡೋಣ.

ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಜೊತೆ ‘ಅಪ್’, ‘ಆಫ್’, ‘ಔಟ್’ ತರದ ಪುಟ್ಟ ಪದ ಸೇರಿ ಹೊಸ ಅರ್ಥ ಬಂದರೆ ಅದನ್ನು ಫ್ರೇಸಲ್ ವರ್ಬ್ ಅನ್ನುತ್ತಾರೆ, ಇದು ಎಲ್ಲರಿಗೂ ಗೊತ್ತು. ಇವುಗಳಲ್ಲಿ ಕೆಲವು ತುಂಬಾ ಮೋಸದವು. ‘ಗಿವ್’ ಅಂದರೆ ಕೊಡು, ‘ಅಪ್’ ಅಂದರೆ ಮೇಲೆ ಎಂದು ಗೊತ್ತಿದ್ದ ಮಾತ್ರಕ್ಕೆ ‘ಗಿವ್ ಅಪ್’ ಅಂದರೆ ಬಿಟ್ಟುಬಿಡು ಎಂದು ಊಹಿಸಲು ಸಾಧ್ಯವೇ ಇಲ್ಲ. ‘ಬ್ರಿಂಗ್ ಟುಗೆದರ್’ ಹಾಗಲ್ಲ, ಬಿಡಿಸಿದರೂ ಅರ್ಥ ಆಗುತ್ತದೆ. ಸುಲಭವಾಗಿ ಅರ್ಥ ಆಗುವುದರಿಂದಲೇ ಯಾರೂ ಇದನ್ನು ನಿಂತು ನೋಡುವುದಿಲ್ಲ. ‘ಟುಗೆದರ್’ ಪದದ ಒಳಗೆ ‘ಗ್ಯಾದರ್’ ಕೂತಿದೆ ಎನ್ನುವುದನ್ನೂ ಗಮನಿಸಿರುವುದಿಲ್ಲ. ಎರಡೂ ಒಂದೇ ಹಳೆಯ ಬೇರಿನಿಂದ ಬಂದವು. ನಮ್ಮ ‘ಒಟ್ಟು’ ಕೂಡ ಹಾಗೆಯೇ. ಕಟ್ಟಿಗೆ ಒಟ್ಟುವುದು, ಹುಲ್ಲು ಒಟ್ಟುವುದು ಎಂದರೆ ಪೇರಿಸಿ ರಾಶಿ ಮಾಡುವುದು. ಅದೇ ‘ಒಟ್ಟು’ ಈಗ ನಮ್ಮ ಮಾರ್ಕ್ಸ್ ಕಾರ್ಡಿನ ಕೊನೆಯ ಸಾಲಿನಲ್ಲೂ ಇದೆ, ‘ಎಲ್ಲ ಒಟ್ಟಿಗೆ ಹೋಪ’ ಎನ್ನುವಲ್ಲೂ ಇದೆ.

ಅರ್ಥವನ್ನು ಒಂದು ಸಾಲಿನಲ್ಲಿ ಹೇಳುವುದಾದರೆ: ಬೇರೆ ಬೇರೆ ಕಡೆ ಇದ್ದವರನ್ನು, ಅಥವಾ ಒಂದೇ ಕಡೆ ಇದ್ದೂ ಬೇರೆ ಬೇರೆಯಾಗಿದ್ದವರನ್ನು, ಒಂದು ಜಾಗಕ್ಕೋ ಒಂದು ಕೆಲಸಕ್ಕೋ ಒಂದು ಮನಸ್ಸಿಗೋ ಸೇರುವ ಹಾಗೆ ಮಾಡುವುದು. ಇದರಲ್ಲಿ ಎರಡು ಸಂಗತಿ ಅಡಗಿದೆ. ಮೊದಲನೆಯದು, ಸೇರುವ ಮುಂಚೆ ನಡುವೆ ಅಂತರ ಇತ್ತು. ಒಂದೇ ಬೆಂಚಿನಲ್ಲಿ ಕೂತು ಒಂದೇ ಟಿಫಿನ್ ಬಾಕ್ಸಿನಲ್ಲಿ ಉಣ್ಣುವ ಇಬ್ಬರನ್ನು ಯಾರೂ ‘ಬ್ರಿಂಗ್ ಟುಗೆದರ್’ ಮಾಡಬೇಕಾಗಿಲ್ಲ. ಎರಡನೆಯದು, ಯಾರೋ ಅಥವಾ ಯಾವುದೋ ಒಂದು ಇವರನ್ನು ಸೇರಿಸಿತು. ಈ ‘ಯಾರೋ’ ಎಂಬುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಟರ್ನಲ್ಸ್‌ನಲ್ಲಿ ಕೇಳಬಹುದಾದ ವ್ಯಾಕರಣದ ಭಾಗವನ್ನು ಬೇಗ ಮುಗಿಸಿಬಿಡೋಣ. ಈ ಫ್ರೇಸಲ್ ವರ್ಬನ್ನು ಮಧ್ಯದಲ್ಲಿ ಬಿಡಿಸಬಹುದು. ‘ದ ಬಯಲಾಟ ಬ್ರಾಟ್ ದ ವಿಲೇಜ್ ಟುಗೆದರ್’ ಎನ್ನಬಹುದು, ‘ಬ್ರಾಟ್ ಟುಗೆದರ್ ದ ವಿಲೇಜ್’ ಎಂದರೂ ನಡೆಯುತ್ತದೆ. ಆದರೆ ಸೇರುವವರ ಜಾಗದಲ್ಲಿ ‘ದೆಮ್’, ‘ಅಸ್’ ತರದ ಸರ್ವನಾಮ ಬಂದರೆ ಅದು ನಡುವೆಯೇ ಬರಬೇಕು. ‘ಬ್ರಾಟ್ ದೆಮ್ ಟುಗೆದರ್’ ಸರಿ, ‘ಬ್ರಾಟ್ ಟುಗೆದರ್ ದೆಮ್’ ತಪ್ಪು. ಸೇರುವವರ ಪಟ್ಟಿ ಉದ್ದ ಇದ್ದರೆ, ಉದಾಹರಣೆಗೆ ‘ಗಂಗೊಳ್ಳಿಯ ಮೀನುಗಾರರು, ಬಾರ್ಕೂರಿನ ರೈತರು, ಬೆಂಗಳೂರಿಂದ ಬಂದ ಹೋಟೆಲಿನವರು’ ಎಂದೆಲ್ಲ ಇದ್ದರೆ, ‘ಬ್ರಿಂಗ್ ಟುಗೆದರ್’ ಮೊದಲೇ ಬಂದು ಪಟ್ಟಿ ಹಿಂದೆ ಬರುವುದು ಒಳ್ಳೆಯದು. ಇಲ್ಲದಿದ್ದರೆ ‘ಬ್ರಿಂಗ್’ ಬೈಂದೂರಿನಲ್ಲಿ, ‘ಟುಗೆದರ್’ ಬ್ರಹ್ಮಾವರದಲ್ಲಿ ಆಗಿ, ಓದುವವರು ನಡುವೆ ಮರವಂತೆ ಬೀಚಿನಲ್ಲಿ ಇಳಿದುಬಿಡುತ್ತಾರೆ.

ಈಗ ಕನ್ನಡಕ್ಕೆ ಬರೋಣ. ಇಂಗ್ಲಿಷಿನಲ್ಲಿ ‘ಕಮ್ ಟುಗೆದರ್’, ‘ಬ್ರಿಂಗ್ ಟುಗೆದರ್’ ಎಂಬ ಜೋಡಿ ಇದೆ. ತಾವಾಗಿ ಬಂದರೆ ‘ಕಮ್’, ಬೇರೆಯವರಿಂದ ಆದರೆ ‘ಬ್ರಿಂಗ್’. ಬರು ಮತ್ತು ತರು ಎಂದ ಹಾಗೆ, ಅಲ್ಲಿ ಕ್ರಿಯಾಪದವನ್ನೇ ಬದಲಾಯಿಸಬೇಕು. ಕನ್ನಡಕ್ಕೆ ಆ ಕಷ್ಟ ಇಲ್ಲ. ‘ಇಸು’ ಎಂಬ ಒಂದು ಬಾಲ ಹಚ್ಚಿದರೆ ಮುಗಿಯಿತು. ಸೇರು, ಸೇರಿಸು. ಕೂಡು, ಕೂಡಿಸು. ಒಗ್ಗೂಡು, ಒಗ್ಗೂಡಿಸು. ಮೇಳದ ಜೊತೆಗೇ ‘ಮೇಳೈಸು’ ಎನ್ನುವ ಚಂದದ ಪದ ಕೂಡ ಇದೆ. ಅದನ್ನು ನಾವು ಭಾಷಣದಲ್ಲಿ ಮಾತ್ರ ಕೇಳುತ್ತೇವೆ. ನಮಗೆ ಮೇಳ ಎಂದರೆ ಮೊದಲು ನೆನಪಾಗುವುದು ಯಕ್ಷಗಾನದ ಮೇಳ, ಅದರಲ್ಲೂ ಮಂದಾರ್ತಿಯ ಐದು ಮೇಳಗಳು. ಭಾಗವತರು ಹಿಮ್ಮೇಳವನ್ನೂ ಮುಮ್ಮೇಳವನ್ನೂ ಇಡೀ ರಾತ್ರಿ ಸೇರಿಸಿಕೊಂಡು ಹೋಗುತ್ತಾರಲ್ಲ, ಅದಕ್ಕಿಂತ ಒಳ್ಳೆಯ ‘ಬ್ರಿಂಗ್ ಟುಗೆದರ್’ ಬೇರೆ ಎಲ್ಲಿ ಸಿಗುತ್ತದೆ?

‘ಕಮ್’ ಮತ್ತು ‘ಬ್ರಿಂಗ್’ ವ್ಯತ್ಯಾಸಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುಂದಾಪುರದ ಹತ್ತಿರ ಐದು ನದಿಗಳು ಒಂದಾಗಿ ಸಮುದ್ರ ಸೇರುತ್ತವೆ: ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕಿ. ಅದಕ್ಕೇ ಪಂಚಗಂಗಾವಳಿ ಎಂಬ ಹೆಸರು. ಈ ನದಿಗಳನ್ನು ಯಾರೂ ಸೇರಿಸಲಿಲ್ಲ, ಇಳಿಜಾರು ಸಿಕ್ಕಿತು, ಅವೇ ಬಂದು ಸೇರಿದವು. ಇಂಗ್ಲಿಷಿನಲ್ಲಿ ಇದು ‘ಕಮ್ ಟುಗೆದರ್’. ನದಿಗೆ ‘ಬ್ರಿಂಗ್ ಟುಗೆದರ್’ ಹಾಕಿದರೆ ಯಾರೋ ಎಂಜಿನಿಯರ್ ಕಾಲುವೆ ತೋಡಿದ ಹಾಗೆ ಆಗುತ್ತದೆ. ಹೀಗೆ ಐದು ನದಿ ಸೇರಿದ ಕಾರಣಕ್ಕೇ ಕುಂದಾಪುರ ಮತ್ತು ಗಂಗೊಳ್ಳಿ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಈ ದಡದಲ್ಲಿ ನಿಂತರೆ ಆ ದಡ ಕಾಣುತ್ತದೆ, ಆದರೆ ಬಸ್ಸಿನಲ್ಲಿ ಹೋಗಬೇಕಾದರೆ ಹೆಮ್ಮಾಡಿ, ತ್ರಾಸಿ ಎಲ್ಲ ಸುತ್ತಬೇಕು. ಅಲ್ಲೊಂದು ಸೇತುವೆ ಬೇಕು ಎಂದು ಜನ ಬಹಳ ಕಾಲದಿಂದ ಕೇಳುತ್ತಿದ್ದಾರೆ. ಸೇತುವೆ ಆದರೆ ಅದು ಎರಡು ಊರನ್ನು ‘ಕನೆಕ್ಟ್’ ಮಾಡುತ್ತದೆ. ‘ಬ್ರಿಂಗ್ ಟುಗೆದರ್’ ಎನ್ನಬೇಕಾದರೆ ಯಾರಾದರೂ ಅದರ ಮೇಲೆ ದಾಟಿ ಆಚೆಯವರ ಮನೆ ಬಾಗಿಲಿಗೆ ಹೋಗಬೇಕು. ಸಿವಿಲ್ ವಿಭಾಗದವರು ಬೇಜಾರು ಮಾಡಿಕೊಳ್ಳಬಾರದು, ಕಾಂಕ್ರೀಟಿಗೆ ಅಷ್ಟೇ ಸಾಧ್ಯ.

ಇನ್ನು ನಮ್ಮ ಮೊದಲ ಪ್ರಶ್ನೆ: ‘ಒಟ್ಟಿಗೆ ತರುವುದು’ ಸರಿಯಾ? ಪೇಪರಿನಲ್ಲೂ ಟಿವಿಯಲ್ಲೂ ಈಗ ಇದು ಧಾರಾಳವಾಗಿ ಬರುತ್ತದೆ. ‘ಈ ಹಬ್ಬ ಎಲ್ಲರನ್ನೂ ಒಟ್ಟಿಗೆ ತಂದಿದೆ’ ಎನ್ನುತ್ತಾರೆ. ಅರ್ಥ ಆಗುತ್ತದೆ, ನಿಜ. ಆದರೆ ಮನೆಯಲ್ಲಿ ಹೇಗೆ ಮಾತಾಡುತ್ತಾರೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ‘ಪ್ಯಾಟಿಗೆ ಹೋರೆ ಮೀನ್ ತಕಂಡ್ ಬನಿ’ ಅನ್ನುತ್ತಾರೆ. ‘ಹಬ್ಬಕ್ಕೆ ಮಕ್ಕಳ್ನ ಕರ್ಕಂಡ್ ಬನಿ’ ಅನ್ನುತ್ತಾರೆ. ಮೀನನ್ನು ‘ತಕಂಡ್’ ಬರುವುದು, ಮಕ್ಕಳನ್ನು ‘ಕರ್ಕಂಡ್’ ಬರುವುದು. ಅದನ್ನು ಯಾವತ್ತೂ ಅದಲು ಬದಲು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಮೀನಿಗೂ ಮಕ್ಕಳಿಗೂ ಒಂದೇ ‘ಬ್ರಿಂಗ್’. ಕನ್ನಡದಲ್ಲಿ ವಸ್ತುವನ್ನು ತರುತ್ತೇವೆ, ಮನುಷ್ಯರನ್ನು ಕರೆಯುತ್ತೇವೆ. ಕರೆದಾಗ ಬರುವುದೂ ಬಿಡುವುದೂ ಅವರಿಗೆ ಬಿಟ್ಟದ್ದು. ಹಾಗಾಗಿ ‘ಒಟ್ಟಿಗೆ ತಂದಿದೆ’ ಎಂದಾಗ ನಮಗೆ ಜನರನ್ನು ಗೋಣಿಚೀಲದಲ್ಲಿ ಹಾಕಿ ಟೆಂಪೋಗೆ ಏರಿಸಿದ ಹಾಗೆ ಕೇಳುತ್ತದೆ. ಮನುಷ್ಯರಿಗೂ ‘ತರು’ ಬಳಸುವ ಒಂದು ಜಾಗ ಇದೆ: ‘ಮನೆಗೆ ಹೆಣ್ಣು ತಂದರು’. ಅಲ್ಲಿ ಮಾತ್ರ ಯಾಕೆ ‘ತಂದರು’ ಎಂದು ಕೇಳಿದರೆ ಅದಕ್ಕೆ ಬೇರೆಯೇ ಲೇಖನ ಬೇಕು. ಕ್ಲಬ್ಬಿನ ಹುಡುಗಿಯರು ಬರೆಯುತ್ತೇವೆ ಎಂದಿದ್ದಾರೆ, ಕಾಯೋಣ.

ಹಾಗಾದರೆ ಕನ್ನಡದಲ್ಲಿ ಯಾವುದು? ಜನ ಒಂದು ಕಡೆ ಬಂದು ಕೂಡಿದ್ದಷ್ಟೇ ಆದರೆ ‘ಸೇರಿಸು’, ‘ಒಟ್ಟುಗೂಡಿಸು’ ಸಾಕು. ಮನಸ್ಸಿನ ಅಂತರವೂ ಕಡಿಮೆ ಆದರೆ ‘ಒಂದುಗೂಡಿಸು’, ‘ಬೆಸೆಯು’ ಚೆನ್ನಾಗಿರುತ್ತದೆ. ಜಗಳ ಆಡಿಕೊಂಡಿದ್ದವರನ್ನು ‘ಬ್ರಿಂಗ್ ಟುಗೆದರ್’ ಮಾಡಿದ್ದಾದರೆ ‘ಒಂದು ಮಾಡಿದರು’, ‘ರಾಜಿ ಮಾಡಿಸಿದರು’. ವಸ್ತುವಾದರೆ ‘ಕೂಡಿಹಾಕು’, ‘ಒಟ್ಟು ಮಾಡು’. ಈ ಕೊನೆಯದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. ಬ್ರಹ್ಮಾವರದ ಕಡೆಯ ವಡ್ಡರ್ಸೆಯವರಾದ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ಎಂಬ ದಿನಪತ್ರಿಕೆ ಶುರು ಮಾಡಿದಾಗ ದೊಡ್ಡ ಧಣಿಗಳ ಹತ್ತಿರ ಹೋಗಲಿಲ್ಲ. ಓದುಗರಿಂದಲೇ ಷೇರು ಹಣ ಒಟ್ಟು ಮಾಡಿದರು. ಇಂಗ್ಲಿಷಿನಲ್ಲಿ ಹೇಳುವಾಗ ಅವರು ಹಣವನ್ನು ‘ಪುಟ್ ಟುಗೆದರ್’ ಮಾಡಿದರು, ಓದುಗರನ್ನು ‘ಬ್ರಿಂಗ್ ಟುಗೆದರ್’ ಮಾಡಿದರು. ಬಿಡಿಭಾಗ ಜೋಡಿಸುವುದು ‘ಪುಟ್ ಟುಗೆದರ್’. ವರ್ಕ್‌ಶಾಪಿನಲ್ಲಿ ನಾವು ದಿನವೂ ಮಾಡುವುದು ಅದನ್ನೇ.

ವರ್ಕ್‌ಶಾಪಿಗೆ ಬಂದಿದ್ದೇವೆ, ‘ಯುನೈಟ್’ ಬಗ್ಗೆಯೂ ಹೇಳಿಬಿಡುತ್ತೇವೆ. ‘ಬ್ರಿಂಗ್ ಟುಗೆದರ್’ ಬೋಲ್ಟ್ ಹಾಕಿದ ಹಾಗೆ. ಎರಡು ಪ್ಲೇಟು ಗಟ್ಟಿಯಾಗಿ ಸೇರಿರುತ್ತವೆ, ಆದರೂ ಎರಡು ಎರಡಾಗಿಯೇ ಇರುತ್ತವೆ, ಬೇಕೆಂದರೆ ಬಿಚ್ಚಬಹುದು. ‘ಯುನೈಟ್’ ವೆಲ್ಡಿಂಗ್ ಹಾಗೆ, ಅಲ್ಲಿ ಅಂಚೇ ಕರಗಿ ಒಂದಾಗುತ್ತದೆ. ಅದಕ್ಕೇ ದೇಶ, ಪಕ್ಷ, ರಾಜ್ಯ ಇಂಥವಕ್ಕೆ ‘ಯುನೈಟ್’ ಹೆಚ್ಚು. ಕರ್ನಾಟಕ ಏಕೀಕರಣಕ್ಕೆ ಇಂಗ್ಲಿಷಿನಲ್ಲಿ ‘ಯೂನಿಫಿಕೇಶನ್’ ಎನ್ನುವುದು ಸರಿಯೇ. ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರ ನವೆಂಬರ್ 1ರಂದು ಮೈಸೂರಿನ ಜೊತೆ ಒಂದು ರಾಜ್ಯ ಆಯಿತು. ಆಗ ನಮ್ಮ ಕರಾವಳಿ ಮದ್ರಾಸಿನ ಕಡೆಯಿಂದ ಬಂದದ್ದು, ಕಾಸರಗೋಡು ಕೇರಳಕ್ಕೆ ಹೋದದ್ದು. ಏಕೀಕರಣ ಎನ್ನುವ ಒಂದೇ ಪದದಲ್ಲಿ ಕಾಸರಗೋಡಿನ ಕನ್ನಡಿಗರಿಗೆ ಕೂಡುವುದೂ ಅಗಲುವುದೂ ಎರಡೂ ಇದೆ.

‘ರೀಯುನೈಟ್’ ಇನ್ನೂ ಮಜಾ. ಮೊದಲು ಒಂದಾಗಿದ್ದು, ಬೇರೆಯಾಗಿ, ಮತ್ತೆ ಸೇರಿದರೆ ಮಾತ್ರ ಅದು ‘ರೀಯುನೈಟ್’. ಈ ಲೇಖನದ ಮೂರು ತಾಲೂಕನ್ನೇ ತೆಗೆದುಕೊಳ್ಳಿ. 2018ರಲ್ಲಿ ಉಡುಪಿ ಜಿಲ್ಲೆಯಲ್ಲಿ ಹೊಸ ತಾಲೂಕುಗಳು ಬಂದವು. ಬೈಂದೂರು ಕುಂದಾಪುರ ತಾಲೂಕಿನಿಂದ ಹೊರಬಂತು, ಬ್ರಹ್ಮಾವರ ಉಡುಪಿ ತಾಲೂಕಿನಿಂದ ಹೊರಬಂತು. ಹಾಗಾಗಿ ಕುಂದಾಪುರ ಮತ್ತು ಬೈಂದೂರಿನವರು ಒಂದು ಕಾರ್ಯಕ್ರಮದಲ್ಲಿ ಸೇರಿದರೆ, ಸ್ವಲ್ಪ ಎಳೆದು ‘ರೀಯುನೈಟ್’ ಎನ್ನಬಹುದೇನೋ. ಬ್ರಹ್ಮಾವರವನ್ನು ಸೇರಿಸಿಕೊಂಡು ಹಾಗೆ ಹೇಳಲು ಬರುವುದಿಲ್ಲ, ಅದು ಕುಂದಾಪುರ ತಾಲೂಕಿನಲ್ಲಿ ಇರಲೇ ಇಲ್ಲ. ಮೂರೂ ತಾಲೂಕು ಒಂದೇ ಉಸಿರಿನಲ್ಲಿ ನಮ್ಮ ಬಾಯಿಗೆ ಬರುವುದು ಕಂದಾಯ ಇಲಾಖೆಯ ನಕ್ಷೆಯಿಂದಲ್ಲ, ಆಡುವ ಭಾಷೆಯಿಂದ. ಬ್ರಹ್ಮಾವರ, ಬಾರ್ಕೂರು ಕಡೆ ಒಂದೇ ಅಂಗಡಿಯ ಜಗಲಿಯಲ್ಲಿ ತುಳುವೂ ಕೇಳುತ್ತದೆ, ಕುಂದಾಪ್ರ ಕನ್ನಡವೂ ಕೇಳುತ್ತದೆ. ಅಲ್ಲಿಂದ ಉತ್ತರಕ್ಕೆ ಕೋಟ, ಕುಂದಾಪುರ ದಾಟಿ ಬೈಂದೂರಿನವರೆಗೆ ‘ಹ್ವಾಯ್’ ಎಂದರೆ ತಿರುಗಿ ನೋಡುವವರೇ. ಇಂಥ ಕಡೆ ಸರಿಯಾದ ಮಾತು ‘ಬ್ರಿಂಗ್ ಟುಗೆದರ್’. ಮೂರೂ ಬೇರೆ ಬೇರೆ, ಒಂದು ಭಾಷೆ ಅವನ್ನು ಸೇರಿಸುತ್ತದೆ.

ಇಲ್ಲಿಗೆ ಪಾಠ ಮುಗಿಯಬೇಕಿತ್ತು. ಆದರೆ ನೆನಪಿಟ್ಟುಕೊಳ್ಳಿ ಎಂದಿದ್ದ ಆ ‘ಯಾರೋ’ ಉಳಿದಿದ್ದಾನೆ.

‘ಬ್ರಿಂಗ್ ಟುಗೆದರ್’ ಎಂದಾಗ ವಾಕ್ಯದ ಕರ್ತೃ ಒಬ್ಬ ಇರಲೇಬೇಕು. ಸಂಘವೋ, ನಾಯಕನೋ, ಹಬ್ಬವೋ, ಕಂಪನಿಯೋ. ಸೇರಿದ ಜನ ವಾಕ್ಯದಲ್ಲಿ ಕರ್ಮ ಆಗಿಬಿಡುತ್ತಾರೆ. ಅಂದರೆ ಕೆಲಸದ ಶ್ರೇಯಸ್ಸೆಲ್ಲ ಸೇರಿಸಿದವನಿಗೆ. ನಮ್ಮ ಕಾಲೇಜಿನ ವರದಿಗಳು ಈ ಮಾತನ್ನು ಇಷ್ಟೊಂದು ಪ್ರೀತಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನಮಗೆ ಅನುಮಾನ. ಮುನ್ನೂರು ಜನ ಮಳೆಯಲ್ಲಿ ಬಸ್ಸು ಹತ್ತಿ ಬಂದರು ಎಂದು ಬರೆದರೆ ಮುನ್ನೂರು ಜನರಿಗೆ ಹೆಸರು. ಸಮಿತಿ ಮುನ್ನೂರು ಜನರನ್ನು ‘ಬ್ರಾಟ್ ಟುಗೆದರ್’ ಎಂದು ಬರೆದರೆ ಸಮಿತಿಗೆ ಹೆಸರು.

ರಾಂಪಣಿ ಬಲೆಯ ಕತೆ ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಕರಾವಳಿಯಲ್ಲಿ ಮೊದಲು ದೊಡ್ಡ ಮೀನುಗಾರಿಕೆ ಎಂದರೆ ರಾಂಪಣಿ. ದಡದಿಂದ ದೋಣಿಯಲ್ಲಿ ಹೋಗಿ, ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಮತ್ತೆ ದಡಕ್ಕೆ ಬರುತ್ತಿದ್ದರು. ಬಲೆಯ ಎರಡು ತುದಿಯ ಹಗ್ಗ ಹಿಡಿದು ದಡದಲ್ಲಿ ಎರಡು ಗುಂಪು ಎಳೆಯುತ್ತಿತ್ತು. ಹತ್ತಿಪ್ಪತ್ತು ಜನರಿಂದ ಆಗುವ ಕೆಲಸ ಅಲ್ಲ ಅದು. ಎಳೆಯುತ್ತಾ ಎಳೆಯುತ್ತಾ ಎರಡೂ ಗುಂಪು ಮರಳಿನ ಮೇಲೆ ಒಬ್ಬರ ಕಡೆ ಒಬ್ಬರು ಸರಿಯುತ್ತಾ ಬಂದು, ಕೊನೆಗೆ ಬಂಗುಡೆ, ಬೈಗೆ ತುಂಬಿದ ಬಲೆಯ ಮುಂದೆ ಒಂದೇ ಗುಂಪು ಆಗುತ್ತಿತ್ತು. ಇಂಗ್ಲಿಷಿನ ‘ಪುಲ್ ಟುಗೆದರ್’ ಎಂಬ ಫ್ರೇಸಲ್ ವರ್ಬಿಗೆ ಇದಕ್ಕಿಂತ ಅಕ್ಷರಶಃ ಉದಾಹರಣೆ ಸಿಗಲಾರದು.

ಆದರೆ ನಾವು ಹೇಳಹೊರಟದ್ದು ಬಲೆಯ ಬಗ್ಗೆ. ರಾಂಪಣಿ ಬಲೆ ಒಬ್ಬರದ್ದಾಗಿರುತ್ತಿರಲಿಲ್ಲ. ಅದು ಎಷ್ಟೋ ತುಂಡು ಬಲೆಗಳನ್ನು ಸಾಲಾಗಿ ಜೋಡಿಸಿ ಮಾಡಿದ್ದು. ಗುಂಪಿನಲ್ಲಿ ಇರುವವರು ತಮ್ಮ ತಮ್ಮ ತುಂಡು ತರುತ್ತಿದ್ದರು, ಎಲ್ಲ ಹೊಲಿದು ಒಂದು ದೊಡ್ಡ ಬಲೆ ಆಗುತ್ತಿತ್ತು. ಮೀನು ಸಿಕ್ಕಿದಾಗ ಬಲೆಗೂ ಪಾಲು, ದುಡಿಮೆಗೂ ಪಾಲು. ಈ ಕತೆ ಕೇಳಲು ನಮ್ಮ ಕ್ಲಬ್ಬಿನವರು ಮರವಂತೆ ಕಡೆಯ ಒಬ್ಬ ಮೊಗವೀರ ಅಜ್ಜನ ಹತ್ತಿರ ಹೋಗಿದ್ದೆವು. ‘ಅಜ್ಜ, ಅಷ್ಟ್ ಜನರ್ನ ಒಟ್ಟ್ ಮಾಡ್ತಿದ್ದದ್ ಯಾರ್?’ ಎಂದು ಕೇಳಿದೆವು. ನಮ್ಮ ತಲೆಯಲ್ಲಿ ‘ಹೂ ಬ್ರಾಟ್ ದೆಮ್ ಟುಗೆದರ್’ ಓಡುತ್ತಿತ್ತು. ಅಜ್ಜ ನಕ್ಕರು. ‘ಒಟ್ಟ್ ಮಾಡುದ್ ಎಂತಕ್ಕ್ ಮಾರಾಯಾ? ಮೀನ್ ಬಂತ್ ಅಂದ್ರ್ ಸಾಕ್, ಎಲ್ಲ ಓಡ್ಕಂಡ್ ಬತ್ರ್.’

ಅಜ್ಜನ ವಾಕ್ಯದಲ್ಲಿ ಸೇರಿಸುವವನು ಇಲ್ಲವೇ ಇಲ್ಲ. ಮೀನು ಬಂತು, ಜನ ಬಂದರು. ತಂಡೇಲ ಇರುತ್ತಿದ್ದ, ಹೇಳುವವರು ಇರುತ್ತಿದ್ದರು, ಆದರೂ ತುಂಡು ಬಲೆ ಅವರವರದ್ದೇ. ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತರೆ ‘ರಾಂಪಣಿ ಬ್ರಾಟ್ ಫಿಶರ್‌ಮೆನ್ ಟುಗೆದರ್’ ಎಂದು ಕೈ ತಾನಾಗಿಯೇ ಬರೆದುಬಿಡುತ್ತದೆ. ವ್ಯಾಕರಣ ಸರಿ ಇದೆ. ಆದರೆ ಅಜ್ಜನ ಮಾತಿಗೆ ಹತ್ತಿರ ಇರುವುದು ‘ಕೇಮ್ ಟುಗೆದರ್’, ಅಥವಾ ಗುಂಪಾಗಿ ಕೈಜೋಡಿಸುವ ಅರ್ಥದ ‘ಬ್ಯಾಂಡ್ ಟುಗೆದರ್’. ಪರೀಕ್ಷೆಯಲ್ಲಿ ಎರಡಕ್ಕೂ ಮಾರ್ಕು ಬರುತ್ತದೆ, ಅರ್ಥ ಮಾತ್ರ ಬೇರೆ.

1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಅದನ್ನು ಸುತ್ತುವ ಬೋಟುಗಳು ಅವು. ರಾಂಪಣಿಯವರಿಗೂ ಪರ್ಸೀನಿನವರಿಗೂ ಜಗಳ ಆಯಿತು, ದೊಡ್ಡ ರಾಂಪಣಿ ನಿಧಾನಕ್ಕೆ ನಿಂತೇ ಹೋಯಿತು. ಈಗ ಕೈರಂಪಣಿ ಎನ್ನುವ ಸಣ್ಣ ಬಲೆ ಅಲ್ಲಲ್ಲಿ ಉಳಿದಿದೆ. ‘ಬ್ರಿಂಗ್ ಟುಗೆದರ್’ನ ವಿರುದ್ಧ ಪದ ಕೇಳಿದರೆ ‘ಡ್ರೈವ್ ಅಪಾರ್ಟ್’ ಎಂದು ಬರೆಯಿರಿ. ತಮ್ಮಷ್ಟಕ್ಕೆ ಚದುರಿದರೆ ‘ಡ್ರಿಫ್ಟ್ ಅಪಾರ್ಟ್’, ಯಾರಾದರೂ ಚದುರಿಸಿದರೆ ‘ಡ್ರೈವ್ ಅಪಾರ್ಟ್’. ಚದುರು, ಚದುರಿಸು. ಇಲ್ಲೂ ನಮ್ಮ ‘ಇಸು’ ಕೆಲಸ ಮಾಡುತ್ತದೆ.

ಕರ್ತೃವಿನ ಕತೆ ಹೀಗಾದರೆ, ಕರ್ಮದ ಕತೆ ಇನ್ನೊಂದು. 2019ರಿಂದ ಆಸಾಡಿ ಅಮಾವಾಸ್ಯೆಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ನಡೆಯುತ್ತಿದೆ, ಊರಲ್ಲೂ, ಊರು ಬಿಟ್ಟು ಹೋದವರು ಇರುವ ಕಡೆಯೂ. ನಮ್ಮ ಕ್ಲಬ್ಬಿನಲ್ಲೂ ಅದಕ್ಕೆ ಒಂದು ಬ್ಯಾನರ್ ಬರೆಯಬೇಕಿತ್ತು. ಎರಡು ಭಾಷೆಯಲ್ಲಿ ಇರಲಿ ಎಂದು ‘ಕುಂದಾಪ್ರ ಕನ್ನಡ ಬ್ರಿಂಗ್ಸ್ ಅಸ್ ಆಲ್ ಟುಗೆದರ್’ ಎಂಬ ಸಾಲು ಚರ್ಚೆಗೆ ಬಂತು. ಆಗ ಗಂಗೊಳ್ಳಿಯ ಒಬ್ಬ ಗೆಳೆಯ, ಮನೆಯಲ್ಲಿ ಖಾರ್ವಿ ಕೊಂಕಣಿ ಮಾತಾಡುವವನು, ಕೇಳಿದ: ‘ಅಸ್ ಆಲ್ ಅಂದ್ರೆ ಯಾರ್ಯಾರು?’ ಅವನು ಕುಂದಾಪ್ರ ಕನ್ನಡವನ್ನು ನಮಗಿಂತ ಚೆನ್ನಾಗಿ ಆಡುತ್ತಾನೆ. ಜಗಳಕ್ಕೆ ಕೇಳಿದ್ದಲ್ಲ. ಬೈಂದೂರಿನ ಕಡೆಯ ಇನ್ನೊಬ್ಬಳ ಮನೆಮಾತು ನವಾಯತಿ. ಬ್ರಹ್ಮಾವರದವರಲ್ಲಿ ಅರ್ಧ ಜನ ಮನೆಯಲ್ಲಿ ತುಳು. ‘ನಮ್ಮೆಲ್ಲರನ್ನು ಸೇರಿಸುತ್ತದೆ’ ಎಂದು ಬರೆಯುವಾಗ ಆ ‘ಎಲ್ಲರ’ ಒಳಗೆ ಇವರು ಮೊದಲೇ ಇದ್ದರಾ, ಅಥವಾ ಆ ಭಾಷೆ ಮನೆಯಲ್ಲೇ ಇರುವವರು ಮಾತ್ರ ‘ಎಲ್ಲರೂ’ ಆಗಿದ್ದಾರಾ? ಈಗಾಗಲೇ ಒಂದೇ ಭಾಷೆ ಆಡುವವರು ಸೇರಿದರೆ ಅಲ್ಲಿ ಅಂತರ ಎಲ್ಲಿತ್ತು? ಮೇಲೆ ಹೇಳಿದ ಹಾಗೆ, ಅಂತರ ಇಲ್ಲದ ಕಡೆ ಈ ಫ್ರೇಸಲ್ ವರ್ಬಿಗೆ ಕೆಲಸವೇ ಇಲ್ಲ. ಕೊಂಕಣಿಯ ಗೆಳೆಯ ಬಂದು ಕೂತ ಮೇಲೆಯೇ ಆ ಇಂಗ್ಲಿಷ್ ಸಾಲಿಗೆ ಅರ್ಥ ಬರುವುದು. ಬ್ಯಾನರಿನಲ್ಲಿ ಕೊನೆಗೆ ‘ಎಲ್ಲ ಬನಿ, ಕೂಕಣಿ, ಮಾತಾಡುವ’ ಎಂದು ಬರೆದೆವು. ಅದರ ಕೆಳಗೆ ಕೊಂಕಣಿ, ನವಾಯತಿ, ತುಳುವಿನಲ್ಲೂ ‘ಬನ್ನಿ’ ಎಂಬ ಅರ್ಥದ ಒಂದೊಂದು ಸಾಲು, ಎಲ್ಲ ಕನ್ನಡ ಅಕ್ಷರದಲ್ಲಿ. ಇಂಗ್ಲಿಷ್ ಸಾಲಿಗೆ ಜಾಗ ಸಾಲಲಿಲ್ಲ.

ಕನ್ನಡದಲ್ಲಿ ‘ಸೇರಿಸು’ ಇದ್ದ ಹಾಗೆ ‘ಸೇರಿಸಿಕೊ’ ಎಂಬುದೂ ಇದೆ. ಇದಕ್ಕೆ ಇಂಗ್ಲಿಷಿನಲ್ಲಿ ಸರಿಸಾಟಿ ಹುಡುಕುವುದು ಕಷ್ಟ, ‘ಬ್ರಿಂಗ್ ಟುಗೆದರ್’ ಅದನ್ನು ಹೇಳುವುದಿಲ್ಲ. ಒಂದು ಕಡೆ ಜನ ಸೇರಿಸುವುದು ಬೇರೆ, ನಮ್ಮೊಳಗೆ ಸೇರಿಸಿಕೊಳ್ಳುವುದು ಬೇರೆ. ಈ ‘ಕೊ’ ಎಷ್ಟು ದೊಡ್ಡದು ಎಂದು ನಮ್ಮ ಜಿಲ್ಲೆಯ ಕೊರಗ ಸಮುದಾಯದವರನ್ನು ಕೇಳಬೇಕು. ಕಂಬಳದ ಹಿಂದಿನ ರಾತ್ರಿಯಿಡೀ ಅವರಿಂದ ಡೋಲು ಬಡಿಸುವ ಪದ್ಧತಿ ಇತ್ತು. ಜಾತ್ರೆಗೆ, ಹಬ್ಬಕ್ಕೆ ಡೋಲು ಅವರದ್ದೇ ಆಗಬೇಕಿತ್ತು, ಆದರೆ ನಿಲ್ಲುವ ಜಾಗ ದೂರದಲ್ಲಿ. ಊರೆಲ್ಲ ಸೇರಿತು ಎಂದು ಎಲ್ಲರಿಗೂ ಕೇಳಿಸಿದ್ದು ಅವರ ಡೋಲಿನಿಂದ, ಆ ಸೇರಿದ ಊರಿನಲ್ಲಿ ಅವರು ಇರಲಿಲ್ಲ. ಅಜಲು ಎಂದು ಕರೆಯುವ ಈ ಪದ್ಧತಿಯನ್ನು ಕರ್ನಾಟಕ ಸರ್ಕಾರ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ಅವರನ್ನು ಕರೆಸಿದರು, ಒಂದು ಕಡೆ ಸೇರಿಸಿದರು. ಸೇರಿಸಿಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ಹೇಳಬೇಕೆಂದರೆ ‘ಬ್ರಿಂಗ್’ ಇತ್ತು, ‘ಟುಗೆದರ್’ ಇರಲಿಲ್ಲ. ಕೊರಗ ಭಾಷೆಗೆ ಅದರದ್ದೇ ಆದ ಪದಗಳಿವೆ. ಅದರಲ್ಲಿ ಸೇರುವುದಕ್ಕೆ ಏನೆನ್ನುತ್ತಾರೆ ಎಂದು ಆ ಭಾಷೆ ಬಲ್ಲ ಓದುಗರು ಇದ್ದರೆ ದಯವಿಟ್ಟು ನಮಗೆ ತಿಳಿಸಿ.

ಈಗ ಅಭ್ಯಾಸ. ಮುಂದಿನ ವಾಕ್ಯಗಳನ್ನು ಇಂಗ್ಲಿಷಿಗೆ ಮಾಡಿ, ಯಾವುದಕ್ಕೆ ‘ಬ್ರಿಂಗ್ ಟುಗೆದರ್’, ಯಾವುದಕ್ಕೆ ‘ಕಮ್ ಟುಗೆದರ್’, ಯಾವುದಕ್ಕೆ ಎರಡೂ ಅಲ್ಲ ಎಂದು ಕಾರಣದ ಜೊತೆ ಬರೆಯಿರಿ. ಕೊಡಿ ಹಬ್ಬಕ್ಕೆ ಊರು ಬಿಟ್ಟವರೆಲ್ಲ ಕೋಟೇಶ್ವರಕ್ಕೆ ಬರುತ್ತಾರೆ. ಕೊಂಕಣ ರೈಲು ಬಂದ ಮೇಲೆ ಮುಂಬೈಯವರಿಗೆ ಊರು ಹತ್ತಿರ ಆಯಿತು. ಆಸ್ತಿ ವಿಷಯದಲ್ಲಿ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರನ್ನು ಅಮ್ಮ ಒಂದು ಮಾಡಿದರು. ನೆರೆ ಬಂದ ದಿನ ಯಾರೂ ಹೇಳದೆ ಎಲ್ಲರೂ ದೋಣಿ ತೆಗೆದರು. ಸಮಿತಿಯವರು ಎಲ್ಲರನ್ನೂ ಸೇರಿಸಿದರು, ಒಂದು ಮನೆಯವರನ್ನು ಬಿಟ್ಟು.

ಕೊನೆಯದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಸಾಧ್ಯ. ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಹಾಕಿ, ಬಂದದ್ದರಲ್ಲಿ ಚೆನ್ನಾಗಿರುವುದನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.